ರೆಜೆಕ್ಸ್ ಎಂಜಿನ್ನಿನ ಹೆಜ್ಜೆ ಹಿಡಿಯುವ ಕ್ರಮ: ಗದಗ ಗೆದ್ದು ಹಾವೇರಿ ಸೋಲುವುದೇಕೆ?

ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಬಳಕೆಯ ಮಾತಿನಲ್ಲಿ ರೆಜೆಕ್ಸ್ (ಪಠ್ಯದಲ್ಲಿ ಹುಡುಕಬೇಕಾದ ತುಂಡಿನ ರೂಪವನ್ನು ಚಿಹ್ನೆಗಳಲ್ಲಿ ಹೇಳುವ ಬರವಣಿಗೆ), ಕೈಕೊಟ್ಟಾಗ ಬಹುತೇಕರು ಒಂದು ನಕ್ಷತ್ರ ಚಿಹ್ನೆ ಸೇರಿಸಿ ನೋಡುತ್ತಾರೆ, ಆಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ಅದೂ ಆಗದಿದ್ದರೆ ಆವರಣ ಬದಲಿಸುತ್ತಾರೆ. ಹೀಗೆ ಸರಿಹೋದ ಪ್ಯಾಟರ್ನ್, ಅಂದರೆ ಆ ಚಿಹ್ನೆಗಳ ಸಾಲು, ಏಕೆ ಸರಿಹೋಯಿತೆಂಬುದು ಬರೆದವರಿಗೇ ಗೊತ್ತಿರುವುದಿಲ್ಲವಾದ್ದರಿಂದ, ಬೇರೊಂದು ಕಡತ ಬಂದ ದಿನ ಅದು ಮತ್ತೆ ಕೆಡುತ್ತದೆ. ಕೇಳಬೇಕಾದ ಪ್ರಶ್ನೆಗಳು ಮೂರು: ಎಂಜಿನ್, ಅಂದರೆ ಪ್ಯಾಟರ್ನ್ ಅನ್ನು ಪಠ್ಯದೊಡನೆ ಹೋಲಿಸಿ ನೋಡುವ ಪ್ರೋಗ್ರಾಮ್, ಪಠ್ಯದ ಯಾವ ಸ್ಥಾನದಲ್ಲಿ ನಿಂತಿತ್ತು, ಪ್ಯಾಟರ್ನ್‌ನ ಯಾವ ಅಂಶವನ್ನು ಪರೀಕ್ಷಿಸುತ್ತಿತ್ತು, ಮತ್ತು ಆ ಹೊತ್ತಿಗೆ ಅದು ನೋಡದೆ ಬಿಟ್ಟು ಬಂದ ದಾರಿಗಳು ಎಷ್ಟು ಉಳಿದಿದ್ದವು. ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ದೋಷಗಳು ಹೆಚ್ಚಾಗಿ ಅಡಗಿರುವುದು ಮಾತ್ರ ಅಲ್ಲಿಯೇ.

ಉದಾಹರಣೆಗಳನ್ನು ನಮ್ಮ ಸುತ್ತಲಿನ ಕನ್ನಡ ಪಠ್ಯದಿಂದಲೇ, ಅಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಹೆಸರುಗಳಿಂದ ಮತ್ತು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಲೆಕ್ಕದಂಥ ಸಾಲುಗಳಿಂದ ಆರಿಸಿಕೊಂಡಿದ್ದೇನೆ. ಲೆಕ್ಕದ ಸಾಲುಗಳು ಅಭ್ಯಾಸಕ್ಕೆಂದು ಕಟ್ಟಿದವು. ಅವುಗಳಲ್ಲಿರುವುದು ನಿಜವಾದ ದರವಲ್ಲ.

ಮೊದಲು ನಿಮ್ಮ ಎಂಜಿನ್ ಯಾವ ಜಾತಿಯದೆಂದು ತಿಳಿದುಕೊಳ್ಳಿ. ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದ ವಿಧಾನವು ಸಾಧ್ಯವಿರುವ ಎಲ್ಲ ದಾರಿಗಳನ್ನೂ ಒಟ್ಟಿಗೇ ನಡೆಸಿಕೊಂಡು ಹೋಗುತ್ತದೆ. ಗೂಗಲ್‌ನ ಆರ್‌ಇ2, ಗೋ ಭಾಷೆಯ ರೆಜೆಕ್ಸ್ ಮತ್ತು ರಸ್ಟ್‌ನ ರೆಜೆಕ್ಸ್ ಕ್ರೇಟ್ ಈ ವಂಶಕ್ಕೆ ಸೇರಿದವು. ಪರ್ಲ್, ಪಿಸಿಆರ್‌ಇ (ಪರ್ಲ್ ಶೈಲಿಯ ರೆಜೆಕ್ಸ್ ಲೈಬ್ರರಿ), ಪಿಎಚ್‌ಪಿ, ಪೈಥಾನ್, ಜಾವಾ ಮತ್ತು ಬ್ರೌಸರ್‌ಗಳ ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ಬ್ಯಾಕ್‌ಟ್ರ್ಯಾಕಿಂಗ್ ಮಾಡುತ್ತವೆ, ಅಂದರೆ ಒಂದು ದಾರಿ ಹಿಡಿದು ಕೊನೆಯವರೆಗೆ ಹೋಗಿ, ಸೋತರೆ ಇತ್ತೀಚಿನ ಕವಲಿಗೆ ಹಿಂದಿರುಗಿ ಇನ್ನೊಂದನ್ನು ಹಿಡಿಯುತ್ತವೆ. ಮುಂದಿನ ಮಾತೆಲ್ಲ ಈ ಎರಡನೆಯ ವಂಶದ ಬಗೆಗೆ.

ಕೈಯಿಂದ ಹೆಜ್ಜೆ ಬರೆಯುವುದು

ಉಪಕರಣ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಬರೆದು ನೋಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಪಠ್ಯ «ಗದಗ ನಗರ» ಎಂದಿರಲಿ. ಇದರಲ್ಲಿ ಗುಣಿತದ ಚಿಹ್ನೆಯಾಗಲಿ ಒತ್ತಕ್ಷರವಾಗಲಿ ಇಲ್ಲದಿರುವುದರಿಂದ ಕಣ್ಣಿಗೆ ಕಾಣುವ ಅಕ್ಷರವೂ ಎಂಜಿನ್ ಎಣಿಸುವ ಅಕ್ಷರವೂ ಒಂದೇ ಆಗಿವೆ. ಮೊದಲ ಅಕ್ಷರದ ಹಿಂದಿನ ಜಾಗ ಸ್ಥಾನ 0, ಕೊನೆಯ ಅಕ್ಷರದ ಮುಂದಿನದು ಸ್ಥಾನ 7. ಪ್ಯಾಟರ್ನ್ `ಗ.*ಗ`, ಬರೆದವರು ಬಯಸಿದ್ದು «ಗದಗ» ಎಂಬ ತುಂಡನ್ನು. ಚುಕ್ಕೆಯೆಂದರೆ ಯಾವುದಾದರೂ ಒಂದು ಅಕ್ಷರ, ನಕ್ಷತ್ರವೆಂದರೆ ಅದು ಎಷ್ಟು ಸಲವಾದರೂ ಬರಬಹುದು, ಸಾಧ್ಯವಾದಷ್ಟು ಹೆಚ್ಚನ್ನು ಮೊದಲು ನೋಡಬೇಕು ಎಂದರ್ಥ. ಕೊನೆಯ ಅಂಕಣದ ಬಾಕಿಯೆಂದರೆ ಇನ್ನೂ ನೋಡದೆ ಉಳಿದ ದಾರಿಗಳ ಸ್ಥಾನಗಳು.

```
ಸ್ಥಾನ 0 | ಗ  | ಹೊಂದಿತು               | ಬಾಕಿ ಇಲ್ಲ
ಸ್ಥಾನ 1 | .* | 7ರವರೆಗೆ ತೆಗೆದುಕೊಂಡಿತು  | ಬಾಕಿ 6, 5, 4, 3, 2, 1
ಸ್ಥಾನ 7 | ಗ  | ಪಠ್ಯ ಮುಗಿದಿದೆ, ಸೋಲು    | 6ಕ್ಕೆ ಹಿಂದಿರುಗಿತು
ಸ್ಥಾನ 6 | ಗ  | ಇರುವುದು ರ, ಸೋಲು       | 5ಕ್ಕೆ ಹಿಂದಿರುಗಿತು
ಸ್ಥಾನ 5 | ಗ  | ಹೊಂದಿತು               | ಬಾಕಿ 4, 3, 2, 1
```

ದೊರೆತದ್ದು «ಗದಗ ನಗ». ಬೇಕಾಗಿದ್ದ ಉತ್ತರ ಬಾಕಿಯ ಪಟ್ಟಿಯಲ್ಲಿ ಸ್ಥಾನ 2ರ ಎದುರು ಇನ್ನೂ ಇತ್ತು. ಮೊದಲು ಸಿಕ್ಕಿದ ಗೆಲುವಿಗೇ ಎಂಜಿನ್ ನಿಂತದ್ದರಿಂದ ಸರದಿ ಅಲ್ಲಿಯವರೆಗೆ ಬರಲಿಲ್ಲ. `ಗ.*?ಗ` ಎಂದು ಬರೆದರೆ ಬಾಕಿಯ ಕ್ರಮ ತಿರುಗುಮುರುಗಾಗಿ, ಸ್ಥಾನ 1ರಲ್ಲಿ ದ ಸಿಕ್ಕು ಸೋತು, ಒಂದು ಹೆಜ್ಜೆ ಮುಂದಿಟ್ಟು, ಸ್ಥಾನ 2ರಲ್ಲಿ ಗ ದೊರೆತು «ಗದಗ» ಬರುತ್ತದೆ. ಆ ಪ್ರಶ್ನಾರ್ಥಕ ಚಿಹ್ನೆಯು ಅತ್ಯಂತ ಚಿಕ್ಕ ಹೊಂದಿಕೆಯನ್ನು ಹುಡುಕಿಕೊಡುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು: ಅದು ಬದಲಿಸುವುದು ಪರೀಕ್ಷೆಯ ಸರದಿಯನ್ನು ಮಾತ್ರ, ಮತ್ತು ಎಲ್ಲಕ್ಕಿಂತ ಎಡಗಡೆಯ ಆರಂಭವೇ ಮೊದಲೆಂಬ ನಿಯಮ ಹಾಗೆಯೇ ಉಳಿಯುತ್ತದೆ.

ಇದೇ ಬಾಕಿಯ ಅಂಕಣವು ಪರ್ಯಾಯಗಳ, ಅಂದರೆ `|` ಗೆರೆಯ ಎಡದ್ದು ಅಥವಾ ಬಲದ್ದು ಎಂಬ ಆಯ್ಕೆಗಳ, ಗೊಂದಲವನ್ನೂ ಬಿಡಿಸುತ್ತದೆ. `ಹುಬ್ಬಳ್ಳಿ|ಹುಬ್ಬಳ್ಳಿ-ಧಾರವಾಡ` ಎಂಬ ಪ್ಯಾಟರ್ನ್ «ಹುಬ್ಬಳ್ಳಿ-ಧಾರವಾಡ ಮಹಾನಗರ» ಎಂಬ ಪಠ್ಯದಲ್ಲಿ ಬರಿಯ ಹುಬ್ಬಳ್ಳಿಯನ್ನು ಹಿಡಿದು ನಿಲ್ಲುತ್ತದೆ, ಎರಡನೆಯ ಕವಲು ಬಾಕಿಯಲ್ಲೇ ಉಳಿಯುತ್ತದೆ. ಉದ್ದನೆಯ ಹೆಸರನ್ನು ಮೊದಲು ಬರೆದರೆ ಸಾಕು.

ಈಗ ಸೋಲಿನ ಬೆಲೆಯನ್ನು ನೋಡೋಣ. ಮೊದಲಿನ «ಗದಗ ನಗರ» ಪಠ್ಯದ ಮೇಲೆ `ಗ.*ಳ` ಓಡಿಸಿದರೆ, ಳ ಎಲ್ಲಿಯೂ ಇಲ್ಲದಿರುವುದರಿಂದ, ಸ್ಥಾನ 0ರಿಂದ ಆರಂಭಿಸಿದಾಗ ಳ ಅಕ್ಷರಕ್ಕಾಗಿ 7 ಬಾರಿ, ಸ್ಥಾನ 2ರಿಂದ 5 ಬಾರಿ, ಸ್ಥಾನ 5ರಿಂದ 2 ಬಾರಿ, ಒಟ್ಟು 14 ಬಾರಿ ಪರೀಕ್ಷೆ ನಡೆಯುತ್ತದೆ. ಮೇಲಿನ ಗೆಲುವಿನಲ್ಲಿ ಕೊನೆಯ ಗ ಅಕ್ಷರಕ್ಕೆ ನಡೆದ ಪರೀಕ್ಷೆಗಳು ಕೇವಲ 3. ಗೆದ್ದ ಪಠ್ಯವನ್ನು ನೋಡಿ ಪ್ಯಾಟರ್ನ್‌ನ ವೇಗವನ್ನು ಅಳೆಯಬಾರದೆನ್ನುವುದು ಇದಕ್ಕೇ.

ಉಪಕರಣದಿಂದ ಹೆಜ್ಜೆ ತೆಗೆಯುವುದು

ಪರ್ಲ್‌ನಲ್ಲಿ ರೀ ಪ್ರಾಗ್ಮಾವನ್ನು (ಕಂಪೈಲರಿಗೆ ಕೊಡುವ ಸೂಚನೆ) ಡೀಬಗ್ ಆಯ್ಕೆಯೊಡನೆ ಚಾಲೂ ಮಾಡಿದರೆ, ಪ್ಯಾಟರ್ನ್ ಹೇಗೆ ಕಂಪೈಲ್ ಆಯಿತೆಂಬುದೂ ನಂತರ ಪ್ರತಿ ಹೆಜ್ಜೆಯೂ ಪರದೆಯ ಮೇಲೆ ಬರುತ್ತವೆ: ಸ್ಥಾನ, ಅದರ ಹಿಂದುಮುಂದಿನ ಪಠ್ಯ, ಪರೀಕ್ಷಿಸುತ್ತಿರುವ ಅಂಶ. ಕನ್ನಡ ಅಕ್ಷರಗಳು ಅಲ್ಲಿ ಹೆಕ್ಸಾಡೆಸಿಮಲ್ ಸಂಖ್ಯೆಗಳಾಗಿ ಕಾಣುವುದುಂಟು. ಯೂನಿಕೋಡ್‌ನ ಕನ್ನಡ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಓದಬಹುದು. ಪಿಸಿಆರ್‌ಇ2 ಜೊತೆಗೆ ಬರುವ ಪರೀಕ್ಷಾ ಪ್ರೋಗ್ರಾಮಿನಲ್ಲಿ ಆಟೋ ಕಾಲೌಟ್ ಆಯ್ಕೆ ಕೊಟ್ಟರೆ, ಪ್ರತಿ ಅಂಶದ ಮುಂಚೆ ಎಂಜಿನ್ ಒಂದು ಸಾಲು ಮುದ್ರಿಸುತ್ತದೆ. ಆ ಸಾಲಿನ ಎರಡು ಬಾಣದ ಗುರುತುಗಳಲ್ಲಿ ಮೊದಲನೆಯದು ಹೊಂದಿಕೆ ಆರಂಭವಾದ ಜಾಗವನ್ನೂ ಎರಡನೆಯದು ಈಗ ನಿಂತಿರುವ ಜಾಗವನ್ನೂ ತೋರಿಸುತ್ತದೆ. ಎರಡನೆಯ ಬಾಣ ಎಡಕ್ಕೆ ಸರಿದಾಗಲೆಲ್ಲ ಬ್ಯಾಕ್‌ಟ್ರ್ಯಾಕಿಂಗ್ ನಡೆದಿದೆಯೆಂದು ತಿಳಿಯಬೇಕು. ಪೈಥಾನ್‌ನ ರೀ ಮಾಡ್ಯೂಲಿನ ಡೀಬಗ್ ಸೂಚನೆಯು ಕಂಪೈಲ್ ಆದ ರಚನೆಯನ್ನಷ್ಟೇ ತೋರಿಸುತ್ತದೆ, ಓಟವನ್ನಲ್ಲ. ಬ್ರೌಸರಿನಲ್ಲೇ ನೋಡಬಯಸುವವರಿಗೆ ರೆಜೆಕ್ಸ್101 ತಾಣದ ಡೀಬಗರ್ ಇದೆಯಾದರೂ, ಅದು ತೋರಿಸುವುದು ಪಿಸಿಆರ್‌ಇಯ ಹೆಜ್ಜೆಗಳನ್ನು. ನಿಮ್ಮ ಪ್ರೋಗ್ರಾಮ್ ಜಾವಾದಲ್ಲಿದ್ದರೆ ಹೆಜ್ಜೆಯ ಸಂಖ್ಯೆ ಬೇರೆಯಾಗಬಹುದು.

ಇಲ್ಲಿ ಹೊಸಬರನ್ನು ದಾರಿ ತಪ್ಪಿಸುವ ಒಂದು ಸಂಗತಿಯಿದೆ. ಮೇಲಿನ `ಗ.*ಳ` ಅನ್ನು ಪರ್ಲ್‌ನಲ್ಲಿ ಓಡಿಸಿದರೆ 14 ಪರೀಕ್ಷೆಗಳು ಕಾಣದೇ ಇರಬಹುದು, ಏಕೆಂದರೆ ಳ ಕಡ್ಡಾಯವಾಗಿ ಬೇಕೆಂಬುದನ್ನು ಕಂಪೈಲ್ ಮಾಡುವಾಗಲೇ ಗುರುತಿಸಿಕೊಂಡ ಎಂಜಿನ್, ಪಠ್ಯದಲ್ಲಿ ಅದು ಇಲ್ಲವೆಂದು ಕಂಡೊಡನೆ ಓಟವನ್ನೇ ಆರಂಭಿಸುವುದಿಲ್ಲ. ಪಿಸಿಆರ್‌ಇಯಲ್ಲಿ ಆರಂಭದ ಈ ಜಾಣತನವನ್ನು ನಿಲ್ಲಿಸುವ ಆಯ್ಕೆ ಉಂಟು. ಹೆಜ್ಜೆ ಕಲಿಯುವಾಗ ಅದನ್ನು ಬಳಸಿ.

ಉಪಕರಣವೇ ಸಿಗದ ಕಡೆ, ಪ್ಯಾಟರ್ನ್‌ನ ಬಲತುದಿಯಿಂದ ಒಂದೊಂದು ಅಂಶವನ್ನು ಕತ್ತರಿಸುತ್ತ ಹೋಗಿ, ಯಾವಾಗ ಮೊದಲ ಬಾರಿಗೆ ಹೊಂದುತ್ತದೆಂದು ನೋಡಬಹುದು. ಉಳಿದ ಅಂಶಗಳಿಗೆ ಒಂದೊಂದು ಆವರಣ ಹಾಕಿ, ಪ್ರತಿಯೊಂದೂ ಎಲ್ಲಿಂದ ಎಲ್ಲಿಯವರೆಗೆ ಹಿಡಿಯಿತೆಂಬುದನ್ನು ಮುದ್ರಿಸಿಕೊಳ್ಳಿ. ಕೊನೆಗೆ ಕತ್ತರಿಸಿದ ಅಂಶವೇ ಅಪರಾಧಿಯೆಂದು ತಕ್ಷಣ ತೀರ್ಮಾನಿಸಬೇಡಿ. ಬಹಳ ಸಲ ಅದರ ಹಿಂದಿನ ಅಂಶ ತನ್ನ ಪಾಲಿಗಿಂತ ಹೆಚ್ಚು ಅಥವಾ ಕಡಿಮೆ ಹಿಡಿದಿರುವುದೇ ಕಾರಣವಾಗಿರುತ್ತದೆ.

ಕನ್ನಡದ ಅಕ್ಷರ, ಎಂಜಿನ್ನಿನ ಅಕ್ಷರ

ಇಂಗ್ಲಿಷ್ ಪಠ್ಯಕ್ಕಾಗಿ ಬರೆದ ಕೈಪಿಡಿಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಕಡತಗಳಲ್ಲಿ ಮಾತ್ರ ಹೆಚ್ಚಿನ ತೊಂದರೆ ಬರುವುದು ಇಲ್ಲಿಂದಲೇ. ಹುಬ್ಬಳ್ಳಿ ಎಂಬುದು ಓದುಗರಿಗೆ ಮೂರು ಅಕ್ಷರ. ಎಂಜಿನ್ನಿಗೆ ಅದು ಹ, ಉಕಾರದ ಚಿಹ್ನೆ, ಬ, ವಿರಾಮ (ಒತ್ತಕ್ಷರ ಮಾಡುವ ಚಿಹ್ನೆ), ಬ, ಳ, ವಿರಾಮ, ಳ, ಇಕಾರದ ಚಿಹ್ನೆ ಎಂಬ 9 ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿರುವ ಘಟಕಗಳು. ಪಿಎಚ್‌ಪಿಯಲ್ಲಿ ಯೂನಿಕೋಡ್ ಸೂಚನೆ ಕೊಡದೆ ಓಡಿಸಿದರೆ ಯುಟಿಎಫ್-8ರ 27 ಬೈಟ್. ಆದ್ದರಿಂದ `ಹು.ಳ್ಳಿ` ಎಂಬುದು ಹೊಂದುವುದಿಲ್ಲ: ಚುಕ್ಕೆಯು ಸ್ಥಾನ 2ರಿಂದ ಒಂದು ಬ ತೆಗೆದುಕೊಂಡು 3ಕ್ಕೆ ಬರುತ್ತದೆ, ಅಲ್ಲಿ ಳ ಬೇಕಾಗಿದ್ದು ವಿರಾಮ ಸಿಗುತ್ತದೆ, ಮತ್ತು ಬರಿಯ ಚುಕ್ಕೆಗೆ ಬಾಕಿಯೆಂಬುದೇ ಇಲ್ಲದಿರುವುದರಿಂದ ಹಿಂದಿರುಗಲು ಜಾಗವಿಲ್ಲ. `ಹು...ಳ್ಳಿ` ಎಂದರೆ ಹೊಂದುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪರೀಕ್ಷೆಗೆ ಆರಿಸಿಕೊಳ್ಳುವ ಪದದ ವಿಚಾರ. ಕನ್ನಡ ಪದವನ್ನು ಹಿಡಿಯಲು ಹಲವರು `[ಅ-ಹ]+`, ಅಂದರೆ ಅ ಇಂದ ಹ ವರೆಗಿನ ಅಕ್ಷರ ಒಂದು ಅಥವಾ ಹೆಚ್ಚು, ಎಂದು ಬರೆಯುತ್ತಾರೆ. «ಗದಗ» ಕೊಟ್ಟು ನೋಡಿದರೆ ಪೂರ್ತಿ ಪದ ಸಿಗುತ್ತದೆ, ಎಲ್ಲವೂ ಸರಿಯಿದೆಯೆಂದು ಅನ್ನಿಸುತ್ತದೆ. «ಹಾವೇರಿ» ಕೊಟ್ಟರೆ ಹ, ವ, ರ ಎಂಬ ಮೂರು ತುಂಡುಗಳು ಬರುತ್ತವೆ, ಏಕೆಂದರೆ ಗುಣಿತದ ಚಿಹ್ನೆಗಳೂ ವಿರಾಮವೂ ಯೂನಿಕೋಡ್ ಕ್ರಮದಲ್ಲಿ ಹ ಅಕ್ಷರದ ಆಚೆಗಿವೆ. ಪದದ ಅಕ್ಷರವೆಂದು ಸೂಚಿಸುವ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಕೂಡ ಪೈಥಾನ್‌ನ ರೀ ಮಾಡ್ಯೂಲಿನಲ್ಲಿ ಇದೇ ರೀತಿ ಒಡೆಯುತ್ತದೆ, ಅಲ್ಲಿ ಗುಣಿತದ ಚಿಹ್ನೆಗಳಿಗೆ ಅಕ್ಷರದ ಮಾನ್ಯತೆಯಿಲ್ಲ. ಪರ್ಲ್‌ನಲ್ಲಿ ಅದು ಪೂರ್ತಿ ಪದವನ್ನು ಹಿಡಿಯುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಕನ್ನಡವೇ ತಿಳಿಯದು. ಪದದ ಗಡಿಯನ್ನು ಹೇಳುವ ಬ್ಯಾಕ್‌ಸ್ಲ್ಯಾಷ್ ಬಿ ಇದೇ ತೀರ್ಮಾನವನ್ನು ಅವಲಂಬಿಸಿರುವುದರಿಂದ, ಪೈಥಾನ್‌ನಲ್ಲಿ ಹಾವೇರಿಯ ಹ ಮತ್ತು ಆಕಾರದ ನಡುವೆಯೂ ಒಂದು ಗಡಿ ಹುಟ್ಟಿಕೊಳ್ಳುತ್ತದೆ. ಎಂಜಿನ್ ಕನ್ನಡ ಲಿಪಿಯೆಂಬ ಯೂನಿಕೋಡ್ ಗುಣವನ್ನು ಬಲ್ಲದ್ದಾದರೆ ಅದನ್ನೇ ಬಳಸುವುದು ಸುರಕ್ಷಿತ. ಇಲ್ಲವಾದರೆ ದಶಮಾಂಶದಲ್ಲಿ 3200ರಿಂದ 3327ರವರೆಗಿನ ಇಡೀ ಕನ್ನಡ ವಿಭಾಗವನ್ನು ವ್ಯಾಪ್ತಿಯಾಗಿ ಕೊಡಿ.

ಕಣ್ಣಿಗೆ ಒಂದೇ ರೀತಿ ಕಂಡೂ ಹೊಂದದ ಪದಗಳಿಗೆ ಕಾರಣಗಳು ಮುಖ್ಯವಾಗಿ ಎರಡು. ಬೆಟಗೇರಿಯ ಗೇ ಎಂಬುದನ್ನು ಗ ಮತ್ತು ಏಕಾರದ ಚಿಹ್ನೆಯೆಂದು ಎರಡು ಕೋಡ್ ಪಾಯಿಂಟಿನಲ್ಲೂ ಬರೆಯಬಹುದು, ಗ, ಎಕಾರದ ಚಿಹ್ನೆ, ದೀರ್ಘದ ಗುರುತು ಎಂದು ಮೂರರಲ್ಲೂ ಬರೆಯಬಹುದು. ಪ್ಯಾಟರ್ನ್ ಮತ್ತು ಪಠ್ಯ ಎರಡನ್ನೂ ಮೊದಲೇ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ. ಇನ್ನೊಂದು ಕಾರಣ, «ಮಾರ್ಕೆಟ್‌ಗೆ» ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕೀಲಿಮಣೆ ಸೇರಿಸುವ, ಅಗಲವಿಲ್ಲದ ತಡೆ ಅಕ್ಷರ; ಇದರ ಸಂಖ್ಯೆ 8204, ಮತ್ತು ಇದು ಕನ್ನಡ ವಿಭಾಗದೊಳಗೆ ಇಲ್ಲ. ಅನುಮಾನ ಬಂದ ಪದವನ್ನು ಕೋಡ್ ಪಾಯಿಂಟ್‌ಗಳಾಗಿ ಒಡೆದು ಮುದ್ರಿಸಿ ನೋಡದೆ ಪ್ಯಾಟರ್ನ್ ತಿದ್ದಲು ಹೋಗಬಾರದು.

ಒಂದು ಅಲ್ಪವಿರಾಮ ಬಿಟ್ಟುಹೋದರೆ

ತಳಿಯ ಹೆಸರು, ಚೀಲ, ದರ ಇರುವ ಈ ಸಾಲನ್ನು ನೋಡಿ:

```
ಬ್ಯಾಡಗಿ ಡಬ್ಬಿ ಮೆಣಸಿನಕಾಯಿ, 14, 38500
```

ಹೆಸರಿನಲ್ಲಿ ಹಲವು ಪದಗಳಿರುವುದರಿಂದ `^(?:[^,0-9]+ ?)+,` ಎಂದು ಬರೆದರೆ ಸಾಲು ಕ್ಷಣದಲ್ಲಿ ಹೊಂದುತ್ತದೆ. ಆರಂಭದಿಂದ, ಅಲ್ಪವಿರಾಮವೂ ಅಂಕಿಯೂ ಅಲ್ಲದ ಅಕ್ಷರಗಳ ಗುಂಪು, ಇದ್ದರೆ ಒಂದು ಖಾಲಿ ಜಾಗ, ಇವೆರಡೂ ಮತ್ತೆ ಮತ್ತೆ ಬಂದು ಕೊನೆಗೆ ಅಲ್ಪವಿರಾಮ ಎಂಬುದು ಅದರ ಅರ್ಥ. ಬೆರಳಚ್ಚಿನಲ್ಲಿ ಮೊದಲ ಅಲ್ಪವಿರಾಮ ಬಿಟ್ಟುಹೋಗಿ «ಬ್ಯಾಡಗಿ ಡಬ್ಬಿ ಮೆಣಸಿನಕಾಯಿ 14, 38500» ಎಂದಾದರೆ ಪ್ರೋಗ್ರಾಮ್ ನಿಂತೇ ಹೋದಂತೆ ತೋರಬಹುದು. ಕಾರಣವನ್ನು ಚಿಕ್ಕದರಲ್ಲಿ ಕಾಣಲು `^(ಗ+)+,` ಅನ್ನು «ಗಗಗ1,» ಎಂಬ ಪಠ್ಯದ ಮೇಲೆ ಬರೆದು ನೋಡಿ. ಅಲ್ಪವಿರಾಮದ ಪರೀಕ್ಷೆಗೆ ಮುಂಚಿನ ವಿಭಜನೆಗಳು ಈ ಸರದಿಯಲ್ಲಿ ಬರುತ್ತವೆ:

```
ಗಗಗ
ಗಗ / ಗ
ಗಗ
ಗ / ಗಗ
ಗ / ಗ / ಗ
ಗ / ಗ
ಗ
```

ಮೂರು ಅಕ್ಷರಕ್ಕೆ 7 ಪರೀಕ್ಷೆ. ಒಂದು ಅಕ್ಷರ ಹೆಚ್ಚಿದರೆ 15. ಪ್ರತಿ ಸಲವೂ ಎರಡು ಪಟ್ಟು ಮತ್ತು ಒಂದು. ಮೆಣಸಿನಕಾಯಿಯ ಸಾಲಿನಲ್ಲಿ ಅಂಕಿಗೆ ಮುಂಚೆ, ಖಾಲಿ ಜಾಗಗಳೂ ಸೇರಿ, 25 ಕೋಡ್ ಪಾಯಿಂಟ್‌ಗಳಿರುವುದರಿಂದ ಸರಳ ಎಂಜಿನ್ ಕನಿಷ್ಠ 3,35,54,431 ಸಲ ಅಲ್ಪವಿರಾಮವನ್ನು ಹುಡುಕಿ ಸೋಲುತ್ತದೆ. ಮುಂದೆ 14ರ ನಂತರ ಒಂದು ಅಲ್ಪವಿರಾಮ ಇರುವುದರಿಂದ, ಕಡ್ಡಾಯ ಅಕ್ಷರವನ್ನು ಮೊದಲೇ ಹುಡುಕುವ ಜಾಣತನವೂ ಇಲ್ಲಿ ಕಾಪಾಡುವುದಿಲ್ಲ. ಹೆಜ್ಜೆಯ ಪಟ್ಟಿಯಲ್ಲಿ ಒಂದೇ ಸ್ಥಾನಕ್ಕೆ ಒಂದೇ ಅಂಶ ಮತ್ತೆ ಮತ್ತೆ ಬರುತ್ತಿದ್ದರೆ ಅದು ಈ ರೋಗದ ಲಕ್ಷಣ.

ಒಳಗಿನ ಪುನರಾವರ್ತನೆಯೂ ಹೊರಗಿನದೂ ಒಂದೇ ಅಕ್ಷರಗಳಿಗಾಗಿ ಸ್ಪರ್ಧಿಸುತ್ತಿರುವುದರಿಂದ ಒಂದನ್ನು ತೆಗೆಯಬೇಕು. ಖಾಲಿ ಜಾಗವೂ `[^,0-9]` ಒಳಗೇ ಸೇರಿರುವಾಗ ಹೊರಗಿನ ಸುತ್ತು ಅನಗತ್ಯ. `^[^,0-9]+,` ಎಂದರೆ ಸೋಲಿಗೆ ಹೆಚ್ಚೆಂದರೆ 25 ಪರೀಕ್ಷೆ. `^[^,0-9]++,` ಎಂದು ಬರೆದರೆ ಬಾಕಿಯನ್ನೇ ಇಟ್ಟುಕೊಳ್ಳದೆ ಒಂದೇ ಪರೀಕ್ಷೆಯಲ್ಲಿ ಮುಗಿಯುತ್ತದೆ; ಈ ಬರವಣಿಗೆ ಪರ್ಲ್, ಪಿಸಿಆರ್‌ಇ, ಜಾವಾಗಳಲ್ಲಿದೆ, ಪೈಥಾನ್‌ನಲ್ಲಿ 3.11ರಿಂದ ಬಂದಿದೆ.

ಒಂದರೊಳಗೊಂದು ಸುತ್ತು ಇಲ್ಲದಿದ್ದರೂ ನಿಧಾನವಾಗಬಹುದು. 2016ರ ಜುಲೈ 20ರಂದು ಸ್ಟಾಕ್ ಓವರ್‌ಫ್ಲೋ ತಾಣ 34 ನಿಮಿಷ ಸ್ಥಗಿತಗೊಂಡದ್ದು, ಸಾಲಿನ ತುದಿಯ ಖಾಲಿ ಜಾಗಗಳನ್ನು ಕತ್ತರಿಸುವ ಒಂದು ಸಾದಾ ಪ್ಯಾಟರ್ನ್‌ನಿಂದ. ಪಠ್ಯದ ನಡುವೆ ಸುಮಾರು 20,000 ಖಾಲಿ ಅಕ್ಷರಗಳಿದ್ದು, ಪ್ರತಿಯೊಂದರಿಂದಲೂ ಹೊಸದಾಗಿ ಆರಂಭಿಸಿದ ಎಂಜಿನ್ ಸುಮಾರು 20 ಕೋಟಿ ಪರೀಕ್ಷೆ ಮಾಡಬೇಕಾಯಿತು. ಆ ಪ್ಯಾಟರ್ನ್‌ನ ಖಾಲಿ ಅಕ್ಷರಗಳ ಗುಂಪಿನಲ್ಲಿ ನಮ್ಮ 8204 ಕೂಡ ಇತ್ತೆಂಬುದು ಒಂದು ಕೌತುಕ.

ಪ್ಯಾಟರ್ನ್ ತಿದ್ದಿದ ಮೇಲೆಯೂ ಒಂದು ಮಿತಿಯನ್ನು ಇಟ್ಟುಕೊಳ್ಳಬೇಕು. ಡಾಟ್‌ನೆಟ್‌ನಲ್ಲಿ ಕಾಲಮಿತಿ ಕೊಡಬಹುದು; ರೂಬಿ 3.2ರಿಂದ ಅಲ್ಲಿಯೂ ಕಾಲಮಿತಿಯ ಸೌಲಭ್ಯವಿದೆ. ಪಿಎಚ್‌ಪಿಯಲ್ಲಿ ಬ್ಯಾಕ್‌ಟ್ರ್ಯಾಕ್‌ಗೆ ಮೊದಲೇ 10,00,000ದ ಮಿತಿಯಿದ್ದು, ಅದನ್ನು ಮೀರಿದಾಗ ಹೊಂದಲಿಲ್ಲವೆಂಬ ಸೊನ್ನೆಯ ಬದಲು ಫಾಲ್ಸ್ ಮರಳಿಸುತ್ತದೆ. ಎರಡನ್ನೂ ಒಂದೇ ಎಂದು ಪರಿಗಣಿಸುವ ಕೋಡ್‌ನಲ್ಲಿ ಕೈಬಿಟ್ಟ ಹುಡುಕಾಟವು ಹೊಂದದ ಸಾಲಿನಂತೆ ಕಾಣುತ್ತದೆ. ಪರೀಕ್ಷೆಯ ಕಡತದಲ್ಲಿ ಸರಿಯಾದ ಸಾಲುಗಳಿಗಿಂತ ಹೆಚ್ಚಾಗಿ ಕೊನೆಯ ಒಂದು ಅಕ್ಷರದಲ್ಲಿ ಸೋಲುವ ಸಾಲುಗಳನ್ನು ಇಡಿ: ಅಲ್ಪವಿರಾಮ ಬಿಟ್ಟ ಸಾಲು, 8204 ಸೇರಿದ ಸಾಲು, ಬೆಟಗೇರಿಯ ಎರಡು ರೂಪಗಳು, ಮತ್ತು ಗದಗದ ಪಕ್ಕದಲ್ಲಿ ತಪ್ಪದೆ ಒಂದು ಹಾವೇರಿ.