‘ಕೆಮಿಕಲ್ ಕಮ್ಮಿ ಆಗಿದೆ’ ಅನ್ನಬೇಡಿ: ಮನೆಯವರಿಗೆ ಮಾನಸಿಕ ಕಾಯಿಲೆಯನ್ನು ಹೀಗೆ ತಿಳಿಸಿ

ಮನೋರೋಗ ವಾರ್ಡಿನ ನರ್ಸ್ ಆಗಿ ನಾನು ದುಡಿದದ್ದೆಲ್ಲ ಮುಂಬಯಿಯಲ್ಲೇ. ಊರು ಕುಂದಾಪುರದ ಕಡೆ, ಮನೆ ಡೊಂಬಿವಲಿಯಲ್ಲಿ. ಕನ್ನಡ ಮಾತಾಡುವ ಸಿಸ್ಟರ್ ಇದ್ದಾರೆ ಅಂತ ಗೊತ್ತಾದರೆ ನಮ್ಮವರು ಹುಡುಕಿಕೊಂಡು ಬರುತ್ತಾರೆ. ಓಪಿಡಿಯಲ್ಲಿ ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದರಲ್ಲಿ ಅರ್ಧ ಅರ್ಥವಾಗಿರುವುದಿಲ್ಲ. ನೆನಪಿರುವುದು ಒಂದೇ ಮಾತು: “ಮಿದುಳಲ್ಲಿ ಕೆಮಿಕಲ್ ಕಮ್ಮಿ ಆಗಿದೆಯಂತೆ, ಹೌದಾ ಸಿಸ್ಟರ್?”

ಈ ಮಾತಿನಿಂದ ಆಗುವ ತೊಂದರೆ ನಾನು ಕಣ್ಣಾರೆ ಕಂಡಿದ್ದೇನೆ. ಕಮ್ಮಿ ಆಗಿತ್ತು, ಈಗ ಸರಿ ಹೋಯಿತು, ಇನ್ನು ಮಾತ್ರೆ ಯಾಕೆ ಅಂತ ನಿಲ್ಲಿಸಿಬಿಡುತ್ತಾರೆ. ಕೆಲವು ವಾರ ಚೆನ್ನಾಗಿಯೇ ಇರುತ್ತಾರೆ. ಆಮೇಲೆ ನಿದ್ದೆ ಕೆಡುತ್ತದೆ, ಮತ್ತೆ ಅದೇ ಕಾಯಿಲೆ. ಹಾಗಾಗಿ ಮನೆಯಲ್ಲಿ ಹಿರಿಯರಿಗೆ, ತಮ್ಮಂದಿರಿಗೆ, ರೋಗಿಗೇ ಹೇಳುವಾಗ ಸ್ವಲ್ಪ ಬೇರೆ ರೀತಿ ಹೇಳಬೇಕು.

ಮೊದಲು ತಲೆ ಮುಟ್ಟಿ ತೋರಿಸಿ. ಹಣೆಯ ಮೇಲೆ ಕೈ ಇಡಿ. ಅದರ ಹಿಂದೆ ಇರುವುದು ಪ್ರಿಫ್ರಂಟಲ್ ಕಾರ್ಟೆಕ್ಸ್. ಯೋಚಿಸುವುದು, ತಡೆದುಕೊಳ್ಳುವುದು, ನಾಳೆಗೆ ಲೆಕ್ಕ ಹಾಕುವುದು ಇದರ ಕೆಲಸ. ಇದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಈಗ ಕಣ್ಣಿನಿಂದ ನೇರ ಹಿಂದಕ್ಕೆ ಒಂದು ಗೆರೆ, ಕಿವಿಯಿಂದ ನೇರ ಒಳಕ್ಕೆ ಒಂದು ಗೆರೆ ಊಹಿಸಿಕೊಳ್ಳಿ. ಅವೆರಡು ಸೇರುವ ಹತ್ತಿರ ಅಮಿಗ್ಡಾಲ ಇದೆ. ಬಾದಾಮಿಯಷ್ಟು ಚಿಕ್ಕದು, ಎರಡೂ ಬದಿಗೆ ಒಂದೊಂದು. ಅಪಾಯ ಅಂತ ಮೊದಲು ಎಚ್ಚರಿಸುವುದು ಇದೇ. ಅದರ ಬೆನ್ನಿಗೇ ಹಿಪ್ಪೊಕ್ಯಾಂಪಸ್, ನೆನಪಿನ ಜಾಗ. ಕಡೆಗೆ ಕತ್ತಿನ ಹಿಂಭಾಗ ಮುಟ್ಟಿ. ಅಲ್ಲಿಂದ ಮೇಲೆ, ಒಳಗೆ, ಮಿದುಳಿನ ಕಾಂಡದಲ್ಲಿ ಪುಟ್ಟ ಪುಟ್ಟ ಜೀವಕೋಶಗಳ ಗುಂಪುಗಳಿವೆ. ಸೆರೊಟೋನಿನ್, ನಾರ್‌ಅಡ್ರಿನಾಲಿನ್, ಡೋಪಮಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು ಮುಖ್ಯವಾಗಿ ಹೊರಡುವುದು ಇಲ್ಲಿಂದ. ಗುಂಪು ಚಿಕ್ಕದಾದರೂ ಅದರ ಎಳೆಗಳು ಇಡೀ ಮಿದುಳಿಗೆ ಹರಡಿರುತ್ತವೆ. ಅದಕ್ಕೇ ಒಂದೇ ಕಾಯಿಲೆಯಲ್ಲಿ ನಿದ್ದೆ, ಹಸಿವು, ಮನಸ್ಸು, ನಡಿಗೆ ಎಲ್ಲವೂ ಒಟ್ಟಿಗೆ ಕೆಡುತ್ತದೆ. ಇಷ್ಟು ತೋರಿಸಿದರೆ ಸಾಕು, “ಬರೀ ಸೋಮಾರಿತನ” ಅನ್ನುವ ಮಾತು ಕಡಿಮೆ ಆಗುತ್ತದೆ.

ಆಗ ಯಾರಾದರೂ ಕೇಳೇ ಕೇಳುತ್ತಾರೆ: “ಎಂಆರ್‌ಐ ನಾರ್ಮಲ್ ಬಂದಿದೆಯಲ್ಲ, ಮತ್ತೆ ಕಾಯಿಲೆ ಎಲ್ಲಿ?” ಸ್ಕ್ಯಾನ್ ಮಾಡಿಸುವುದು ಗಡ್ಡೆ, ರಕ್ತಸ್ರಾವ, ಸ್ಟ್ರೋಕ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ಖಿನ್ನತೆ ಇರುವ ನೂರಾರು ಜನರ ಸ್ಕ್ಯಾನ್ ಒಟ್ಟಿಗೆ ನೋಡಿದಾಗ ಹಿಪ್ಪೊಕ್ಯಾಂಪಸ್ ಸರಾಸರಿಯಲ್ಲಿ ಸ್ವಲ್ಪ ಚಿಕ್ಕದು ಅಂತ ಕಂಡಿದೆ. ಆದರೆ ಒಬ್ಬರ ಸ್ಕ್ಯಾನ್ ನೋಡಿ ಇವರಿಗೆ ಖಿನ್ನತೆ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಡಾಕ್ಟರು ಕಾಯಿಲೆ ಗುರುತಿಸುವುದು ಮಾತಾಡಿಸಿ, ನೀವು ಹೇಳಿದ್ದನ್ನು ಕೇಳಿ.

ಈಗ ಡೋಪಮಿನ್. ಇದನ್ನು ನಿಧಾನಕ್ಕೆ ಹೇಳಿ, ಕಿವಿಯಲ್ಲಿ ದನಿ ಕೇಳುವವರ ಮನೆಗೆ ಇದು ತುಂಬಾ ಬೇಕು. “ಇದು ಮುಖ್ಯ, ಗಮನ ಕೊಡು” ಅಂತ ಮಿದುಳಿಗೆ ತಿಳಿಸುವ ಕೆಲಸದಲ್ಲಿ ಡೋಪಮಿನ್‌ನ ಪಾತ್ರ ದೊಡ್ಡದು. ಹೀಗೆ ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಮಿದುಳಿನ ಒಳಗಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಇದು ಬೇಡದ ಹೊತ್ತಲ್ಲಿ ಜಾಸ್ತಿ ಹರಿಯುತ್ತದೆ. ಆಗ ಯಾವುದೂ ಸುಮ್ನೆ ಅಂತ ಕಾಣುವುದಿಲ್ಲ. ಒಬ್ಬ ಹುಡುಗ ಡೊಂಬಿವಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ತನಗೇ ಹೇಳುತ್ತಿರುವುದು ಅಂತ ನಂಬಿ ಪ್ಲಾಟ್‌ಫಾರ್ಮ್ ಬಿಟ್ಟು ಕದಲುತ್ತಿರಲಿಲ್ಲ. ಅವನ ತಾಯಿ ಅದನ್ನು ಹಟ ಅಂದುಕೊಂಡಿದ್ದರು. “ಅಮ್ಮಾ, ನಿಮಗೆ ಅದು ಬರೀ ಸದ್ದು. ಅವನ ಮಿದುಳು ಅದಕ್ಕೆ ಮುಖ್ಯ ಅಂತ ಗುರುತು ಹಾಕಿಬಿಟ್ಟಿದೆ” ಅಂದಾಗ ಅವರು ಬೈಯುವುದನ್ನು ಬಿಟ್ಟರು. ವಾದ ಮಾಡಿ ಈ ನಂಬಿಕೆ ಬಿಡಿಸಲು ಹೋಗಬೇಡಿ. “ನಿನಗೆ ಹಾಗೆ ಅನಿಸಿ ಭಯ ಆಗ್ತಿದೆ ಅಲ್ವಾ” ಅನ್ನಿ, ಜೊತೆಗಿರಿ.

ಈ ಕಾಯಿಲೆಗೆ ಪರಿಣಾಮ ತೋರಿಸಿದ ಮೊದಲ ಮದ್ದು ಕ್ಲೋರ್‌ಪ್ರೊಮಜಿನ್, 1952ರಲ್ಲಿ ಪ್ಯಾರಿಸ್‌ನ ವೈದ್ಯರು ಕೊಟ್ಟು ನೋಡಿದ್ದು. ಅದು ಡೋಪಮಿನ್ ಬಂದು ಕೂರುವ ಜಾಗವನ್ನು ತಡೆಯುತ್ತದೆ ಅಂತ ಗೊತ್ತಾದದ್ದು ಆಮೇಲೆ. ಅಂದರೆ ಇಲ್ಲಿ ಕಮ್ಮಿ ಆದದ್ದನ್ನು ತುಂಬಿಸುವ ಮಾತೇ ಇಲ್ಲ. ಕೈಕಾಲು ಸಲೀಸಾಗಿ ಆಡಲೂ ಡೋಪಮಿನ್ ಬೇಕು. ಹಾಗಾಗಿ ಮಾತ್ರೆ ಶುರುವಾದ ಮೇಲೆ ಚಹಾ ಲೋಟ ಹಿಡಿದ ಕೈ ನಡುಗಬಹುದು, ನಡಿಗೆ ಬಿಗಿಯಾಗಬಹುದು, ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದು. ಕಂಡದ್ದನ್ನು ಬರೆದಿಟ್ಟು ಡಾಕ್ಟರಿಗೆ ಹೇಳಿ. ಡೋಸ್ ಇಳಿಸುತ್ತಾರೆ, ಮಾತ್ರೆ ಬದಲಿಸುತ್ತಾರೆ, ಇಲ್ಲವೇ ಜೊತೆಗೆ ಇನ್ನೊಂದು ಕೊಡುತ್ತಾರೆ. ನೀವೇ ನಿಲ್ಲಿಸಬೇಡಿ.

ಖಿನ್ನತೆಗೆ ‘ಕಮ್ಮಿ’ ಅನ್ನುವ ಮಾತು ಅಂಟಿಕೊಂಡ ಕಥೆಯಲ್ಲಿ ಮುಂಬಯಿಯೂ ಇದೆ. ಇಲ್ಲಿನ ಹೃದಯ ವೈದ್ಯ ಡಾ. ರುಸ್ತುಮ್ ಜಾಲ್ ವಕೀಲ್ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಎಂದು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಆ ಬೇರಿನಿಂದ 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದರು. ನರಕೋಶಗಳಲ್ಲಿ ಕೂಡಿಟ್ಟ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಾಲಿನ್ ಮೂರನ್ನೂ ಅದು ಖಾಲಿ ಮಾಡುತ್ತದೆ. ಅದನ್ನು ತೆಗೆದುಕೊಂಡ ಕೆಲವರು ಮಂಕಾದರು ಎಂಬ ವರದಿಗಳು ಬಂದವು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರಿಸರ್ಪಿನ್ ಕೊಟ್ಟ ಮೊಲಗಳು ಅಲುಗದೆ ಬಿದ್ದಿದ್ದನ್ನು ನೋಡಿದರು. ಮಿದುಳಲ್ಲಿ ಡೋಪಮಿನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟಾಗ ಅವು ಎದ್ದು ಓಡಾಡಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಇನ್ನೊಂದು ಕಡೆ, ಐಪ್ರೊನಯಜಿಡ್ ಎಂಬ ಕ್ಷಯದ ಮಾತ್ರೆ ತೆಗೆದುಕೊಂಡವರು ಗೆಲುವಾದರು. ಅದು ಈ ರಾಸಾಯನಿಕಗಳು ಒಡೆಯದಂತೆ ತಡೆಯುತ್ತಿತ್ತು. ಖಾಲಿಯಾದರೆ ಮಂಕು, ಉಳಿದರೆ ಗೆಲುವು ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಆದರೆ ಈ ಲೆಕ್ಕ ಪೂರ್ತಿ ಕೂಡಿಬರುವುದಿಲ್ಲ. ಖಿನ್ನತೆಗೆ ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಸೆರೊಟೋನಿನ್ ಮೇಲೆ ಕೆಲಸ ಶುರು ಮಾಡುವುದು ಕೆಲವೇ ಗಂಟೆಗಳಲ್ಲಿ, ಮನಸ್ಸು ಹಗುರಾಗುವುದು ವಾರಗಳಾದ ಮೇಲೆ. ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಮ್ಮಿ ಇರುತ್ತದೆ ಎನ್ನಲು ಗಟ್ಟಿ ಸಾಕ್ಷಿ ಇಲ್ಲ ಎಂದು 2022ರಲ್ಲಿ ಬಂದ ದೊಡ್ಡ ಪರಿಶೀಲನೆಯೂ ಹೇಳಿತು. ಹಾಗಂತ ಮಾತ್ರೆ ಸುಳ್ಳಲ್ಲ, ಬಹಳ ಜನರಿಗೆ ಅದರಿಂದ ಗುಣ ಕಂಡಿದೆ. ಮನೆಯವರಿಗೆ ಹೀಗೆ ಹೇಳಿ: “ಮಾತ್ರೆ ದಾರಿ ಮಾಡಿಕೊಡುತ್ತದೆ. ನರಕೋಶಗಳು ತಮ್ಮ ನಡುವಿನ ಸಂಪರ್ಕ ಸರಿಮಾಡಿಕೊಳ್ಳಲು ಸಮಯ ಬೇಕು. 2ರಿಂದ 4 ವಾರಕ್ಕೆ ಗೊತ್ತಾಗಬಹುದು, ಕೆಲವರಿಗೆ 6 ವಾರವೂ ಬೇಕು. ಗುಣವಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಬೇಕು.” ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಯಾಕೆಂದರೆ ಮೈಯ ಸೆರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ಇರುವುದು ಕರುಳಲ್ಲೇ. 25ರ ಒಳಗಿನವರಾದರೆ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ. ಚಡಪಡಿಕೆ, ಸಾಯುವ ಯೋಚನೆ ಹೆಚ್ಚಿದರೆ ಅದೇ ದಿನ ಡಾಕ್ಟರಿಗೆ ತಿಳಿಸಿ.

ಗಾಬಾ ಎಂಬ ಇನ್ನೊಂದು ಮಿದುಳಿನ ರಾಸಾಯನಿಕದ ಬಗ್ಗೆ ಇಷ್ಟು ಸಾಕು: ಅದು ನರಗಳ ಉದ್ವೇಗ ತಗ್ಗಿಸುತ್ತದೆ. ಆತಂಕ ತಗ್ಗಿಸಲು ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಾಮ್ ಮಾತ್ರೆಗಳು, ಸಾರಾಯಿ ಮೂರೂ ಅದರ ಮೂಲಕವೇ ಕೆಲಸ ಮಾಡುತ್ತವೆ. ಒಟ್ಟಿಗೆ ಸೇರಿದರೆ ಉಸಿರಿಗೇ ಅಪಾಯ. ಬಹಳ ದಿನ ತೆಗೆದುಕೊಂಡು ದಿಢೀರ್ ಬಿಟ್ಟರೆ ಫಿಟ್ಸ್ ಬರಬಹುದು.

ಲಿಥಿಯಂ ತೆಗೆದುಕೊಳ್ಳುವ ಹೋಟೆಲ್ ಕೆಲಸದವರಿಗೆ ನಾನು ಕೂರಿಸಿಕೊಂಡು ಹೇಳುತ್ತೇನೆ. ಮೇ ತಿಂಗಳ ಸೆಕೆಯಲ್ಲಿ ದೋಸೆ ಕಲ್ಲಿನ ಮುಂದೆ ನಿಂತು ಬೆವರು ಸುರಿದರೆ ಮೈಯ ನೀರು, ಉಪ್ಪು ಹೋಗಿ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮನಸ್ಸು ಒಮ್ಮೆ ವಿಪರೀತ ಉಬ್ಬಿ ಒಮ್ಮೆ ಪೂರ್ತಿ ಕುಗ್ಗುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಒಳ್ಳೆಯ ಮದ್ದು, ಆದರೆ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ನೀರು ಕುಡಿಯುತ್ತಿರಿ. ಉಪ್ಪು ಏಕಾಏಕಿ ಬಿಡಬೇಡಿ. ಬೆನ್ನು ನೋವು ಅಂತ ಮೆಡಿಕಲ್‌ನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ. ಲಿಥಿಯಂ ಪರೀಕ್ಷೆಗೆ ರಕ್ತ ಕೊಡುವುದು ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ. ವಾಂತಿ, ಭೇದಿ, ತೂರಾಟ, ಜೋರು ನಡುಕ ಕಂಡರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಿ.

ಊರಿಗೆ ಹೋಗಿ ದೈವದ ದರ್ಶನದಲ್ಲಿ ಕೇಳಿಸಬೇಕು ಅಂತ ಅಜ್ಜಿ ಹಟ ಹಿಡಿದರೆ ಜಗಳ ಬೇಡ, ಹೋಗಿ ಬನ್ನಿ. ಮಾತ್ರೆಯ ಸ್ಟ್ರಿಪ್ ಮತ್ತು ಚೀಟಿಯನ್ನು ಸೀಟಿನಡಿಯ ಸೂಟ್‌ಕೇಸಲ್ಲಿ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಊರಿಗೆ ಹೋಗುವ ಮತ್ಸ್ಯಗಂಧ ರೈಲು ಹತ್ತಿದ ರಾತ್ರಿಯ ಡೋಸೂ ತಪ್ಪಬಾರದು.

ಮುಂದಿನ ಓಪಿಡಿಗೆ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ಎಷ್ಟು ಗಂಟೆ ನಿದ್ದೆ, ಊಟ ಹೇಗಿದೆ, ಯಾವ ಮಾತ್ರೆ ತಪ್ಪಿತು, ಯಾವ ಹೊಸ ತೊಂದರೆ, ಇಷ್ಟೇ ಬರೆಯಿರಿ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಮಾತಾಡಿದವರನ್ನು ಮಾತ್ರ ಒಬ್ಬರನ್ನೇ ಬಿಡಬೇಡಿ. ಮಾತ್ರೆ ಡಬ್ಬಿಯನ್ನು ನಿಮ್ಮ ಕೈಯಲ್ಲಿ ಇಟ್ಟುಕೊಂಡು, ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಆಗಲೇ ಕರೆದುಕೊಂಡು ಹೋಗಿ.