ತುದಿಯಿಂದ ಹೊಳೆಯ ಕಡೆಗೆ: ಆರೆಗಾನ್‌ನಲ್ಲಿ ನೀರಿನ ಹಕ್ಕಿನ ಪರೀಕ್ಷಕನಾದ ನನ್ನ ಅನುಭವ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಅನುಮತಿ ಪಡೆದವರು ನಿಜವಾಗಿ ಎಷ್ಟು ನೀರು ಬಳಸಿದ್ದಾರೆಂದು ಅಳೆದು ವರದಿ ಕೊಡುವ ನೀರಿನ ಹಕ್ಕಿನ ಪ್ರಮಾಣಿತ ಪರೀಕ್ಷಕರ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾದದ್ದು ಎರಡನೆಯ ಪ್ರಯತ್ನದಲ್ಲಿ. ಮೊದಲ ಸಲ ಸೋತಾಗ, ಹದಿಮೂರು ವರ್ಷ ಸೇತುವೆಗಳ ವಿನ್ಯಾಸ ಮಾಡಿದವನಿಗೆ ಇದು ಒಗ್ಗುವ ಕೆಲಸವಲ್ಲ, ಭೂಮಾಪಕರಿಗೂ ಭೂವಿಜ್ಞಾನಿಗಳಿಗೂ ಬಿಟ್ಟುಬಿಡು ಎಂದು ಜೊತೆಗಿದ್ದ ಹಿರಿಯರು ಹೇಳಿದ್ದರು. ಎರಡನೆಯ ಸಲ ನಾನು ಹಿಡಿದ ದಾರಿಯನ್ನಂತೂ ಯಾರೂ ಒಪ್ಪಲಿಲ್ಲ. ಆ ದಾರಿಯೇ ಕೈ ಹಿಡಿದದ್ದರಿಂದ, ಇಲ್ಲಿ ಪಿ.ಇ. (ವೃತ್ತಿಪರ ಇಂಜಿನಿಯರ್) ಪರವಾನಗಿ ಪಡೆದು ಮುಂದೇನೆಂದು ಯೋಚಿಸುತ್ತಿರುವ ನಮ್ಮ ಇಂಜಿನಿಯರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನದಲ್ಲಿ ನಾನು ರಾಜ್ಯದ ನೀರಿನ ಕಾನೂನಾದ 1909ರ ಜಲಸಂಹಿತೆಯಿಂದ ಹಿಡಿದು ಜಲಸಂಪನ್ಮೂಲ ಇಲಾಖೆಯ ನಿಯಮಗಳವರೆಗೆ ಎಲ್ಲವನ್ನೂ ಕ್ರಮವಾಗಿ ಓದಿದೆ. ಖಾಸಗಿಯವರು ನಡೆಸುತ್ತಿದ್ದ ತರಬೇತಿಯೊಂದಕ್ಕೆ ಸುಮಾರು ಆರುನೂರು ಡಾಲರ್ ಕಟ್ಟಿದೆ. ಅಲ್ಲಿ ನಿಯಮಗಳನ್ನು ಓದಿ ಹೇಳಿದ್ದು ಬಿಟ್ಟರೆ ಒಂದು ಪಂಪನ್ನೂ ತೋರಿಸಲಿಲ್ಲ. ಐದು ವರ್ಷ ಸತತವಾಗಿ ಬಳಸದ ಹಕ್ಕು ಕೈತಪ್ಪುತ್ತದೆ ಎಂಬುದನ್ನು ಬಾಯಿಪಾಠ ಮಾಡಿದ್ದ ನನಗೆ, ರೈತ ನಿಜವಾಗಿ ಎಷ್ಟು ನೀರು ಬಳಸಿದ್ದಾನೆ ಎಂದು ರುಜುವಾತು ಮಾಡುವ ಲೆಕ್ಕ ಬರುತ್ತಿರಲಿಲ್ಲ. ಪರೀಕ್ಷಕನ ಕೆಲಸವಿರುವುದು ಅಲ್ಲೇ: ಅನುಮತಿ ಪತ್ರದಲ್ಲಿರುವುದು ಗರಿಷ್ಠ ಮಿತಿ ಮಾತ್ರ, ಅಂತಿಮ ಹಕ್ಕಿನ ಪ್ರಮಾಣಪತ್ರಕ್ಕೆ ಏರುವುದು ಸಾಬೀತಾದ ಬಳಕೆ.

ಮಂಡ್ಯದ ಕಡೆಯ ನಮ್ಮೂರಿನಲ್ಲಿ ನನ್ನ ತಾತ ಕೆರೆಯ ನೀರಗಂಟಿಯಾಗಿದ್ದರು. ಅವರು ತೂಬಿನ ಬಳಿ ನಿಂತು ನೀರು ಸಾಕೋ ಸಾಲದೋ ಎಂದು ತೀರ್ಮಾನಿಸಿದವರಲ್ಲ. ಕಾಲುವೆಯ ಕಟ್ಟಕಡೆಯ ಗದ್ದೆಯ ಬದುವಿನವರೆಗೆ ನಡೆದುಹೋಗಿ, ಅಲ್ಲಿ ನೀರು ನಿಂತಿರುವುದನ್ನು ಕಾಲಿನಿಂದಲೇ ಅಳೆದು, ಹಿಂತಿರುಗಿ ಬಂದು ತೂಬನ್ನು ಏರಿಸುತ್ತಿದ್ದರು ಅಥವಾ ಇಳಿಸುತ್ತಿದ್ದರು. ಸೋತ ನಂತರ ಇದು ನೆನಪಾಗಿ, ನಾನೂ ತುದಿಯಿಂದ ಹೊಳೆಯ ಕಡೆಗೆ ಓದತೊಡಗಿದೆ. ಇಲಾಖೆಯ ಜಾಲತಾಣದಲ್ಲಿ ಹಳೆಯ ಅನುಮತಿ, ನಕಾಶೆ, ವರದಿ, ಪ್ರಮಾಣಪತ್ರಗಳೆಲ್ಲ ಸಾರ್ವಜನಿಕವಾಗಿಯೇ ಇವೆ. ಅವುಗಳಲ್ಲಿ ಅರವತ್ತರಷ್ಟು ಕಡತಗಳನ್ನು ಆರಿಸಿ, ಅಂತಿಮ ಅಂಕಿಗಳನ್ನು ಮುಚ್ಚಿಟ್ಟು, ಹೊಲದಲ್ಲಿ ನೀರು ಚಿಮ್ಮುವ ನಳಿಕೆಯಿಂದ ಆರಂಭಿಸಿ ಹಕ್ಕಿನ ಪ್ರಮಾಣವನ್ನು ನಾನೇ ಕಟ್ಟುತ್ತಾ ಹೋದೆ. ಮೊದಲ ಇಪ್ಪತ್ತರಲ್ಲಿ ಹದಿನಾಲ್ಕು ತಪ್ಪಾದವು, ಕೊನೆಯ ಇಪ್ಪತ್ತರಲ್ಲಿ ಎರಡು.

ಒಂದು ಉದಾಹರಣೆ ಕೊಡುತ್ತೇನೆ. ಮೇರಿಯನ್ ಕೌಂಟಿಯ 40 ಎಕರೆಯ ಹೊಲಕ್ಕೆ, ಎಕರೆಗೆ ಎಂಬತ್ತನೇ ಒಂದು ಕ್ಯೂಸೆಕ್‌ನಂತೆ ಅರ್ಧ ಕ್ಯೂಸೆಕ್‌ ಅನುಮತಿಯಿತ್ತು. ಹತ್ತು ಅಶ್ವಶಕ್ತಿಯ ಸೆಂಟ್ರಿಫ್ಯೂಗಲ್ ಪಂಪು, ಒಟ್ಟು ಹೆಡ್ (ಎತ್ತರ, ಒತ್ತಡ, ಘರ್ಷಣೆ ಸೇರಿ ಪಂಪು ನೀರನ್ನು ಎತ್ತಬೇಕಾದ ಲೆಕ್ಕ) 150 ಅಡಿ; ಅಶ್ವಶಕ್ತಿಯನ್ನು ಪಂಪಿನ ದಕ್ಷತೆ ಸೇರಿದ 6.61ರಿಂದ ಗುಣಿಸಿ ಹೆಡ್‌ನಿಂದ ಭಾಗಿಸಿದರೆ 0.44 ಕ್ಯೂಸೆಕ್. ನಾನು ಮೊದಲು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಹೊಲದಲ್ಲಿ ಒಮ್ಮೆಗೆ ತಿರುಗುತ್ತಿದ್ದದ್ದು ಮೂವತ್ತಾರು ಸ್ಪ್ರಿಂಕ್ಲರುಗಳು, ಒಂದೊಂದರಿಂದ ನಿಮಿಷಕ್ಕೆ ಸುಮಾರು ಐದು ಗ್ಯಾಲನ್. ಅಂದರೆ 180 ಗ್ಯಾಲನ್, 0.40 ಕ್ಯೂಸೆಕ್. ಮನೆ, ಕೊಟ್ಟಿಗೆ, ದಾರಿ ಕಳೆದರೆ ಉಳಿದ ನೆಲವೂ 40 ಎಕರೆಯಲ್ಲ, ಮೂವತ್ತಾರೂವರೆ, ಅದಕ್ಕೆ ಸುಮಾರು 0.46 ಕ್ಯೂಸೆಕ್. ಎಲ್ಲಕ್ಕಿಂತ ಸಣ್ಣದಾದ 0.40 ಕ್ಯೂಸೆಕ್ಕೇ ಆ ರೈತನಿಗೆ ದಕ್ಕಬೇಕಾದ ಅಂಕಿ. ಕೃಷ್ಣರಾಜಸಾಗರದಿಂದ ಸಾವಿರಾರು ಕ್ಯೂಸೆಕ್ ಬಿಟ್ಟ ಸುದ್ದಿ ಕೇಳಿ ಬೆಳೆದ ನಮಗೆ ಈ 0.04ರ ವ್ಯತ್ಯಾಸ ಏನೂ ಅಲ್ಲವೆನಿಸಬಹುದು, ಆದರೆ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕೆಳಗಿನ ಹಳೆಯ ಹಕ್ಕುದಾರನಿಗೆ ಅದೂ ದೊಡ್ಡ ನೀರೇ.

ಎಲ್ಲ ಸೇರಿ ನನಗೆ ಎರಡು ಸಾವಿರದ ಮುನ್ನೂರು ಡಾಲರಿನಷ್ಟು ಖರ್ಚಾಯಿತು. ಅದರಲ್ಲಿ ದೊಡ್ಡ ಪಾಲು ಹರಿವು ಅಳೆಯಲು ಪೈಪಿನ ಹೊರಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರಿನ ಬಾಡಿಗೆ. ಮೊದಲ ದಿನ ತುಕ್ಕು ಕೆರೆಯದೆ ಸೆನ್ಸರ್ ಕೂರಿಸಿ, ಓಡುತ್ತಿದ್ದ ಪಂಪಿನಲ್ಲಿ ಸೊನ್ನೆ ಹರಿವು ನೋಡಿ, ಇಡೀ ದಿನದ ಬಾಡಿಗೆ ಕಳೆದುಕೊಂಡೆ. ಸಂಬಳವಿಲ್ಲದ ಒಂಬತ್ತು ದಿನಗಳ ರಜೆ ಈ ಲೆಕ್ಕಕ್ಕೆ ಸೇರಿಲ್ಲ.

ಮೀಟರು ಹಿಂತಿರುಗಿಸಿದ ಮೇಲೆ ಕಿತ್ತಳೆ ಹಣ್ಣಿನಿಂದ ಒಂದು ಪ್ರಯೋಗ ಮಾಡಿದೆ. ಮೂರು ಅಡಿ ಅಗಲ, ಸರಾಸರಿ 0.8 ಅಡಿ ಆಳದ ಕಾಲುವೆಯಲ್ಲಿ ಹಣ್ಣು ಇಪ್ಪತ್ತು ಅಡಿ ಸಾಗಲು ಹದಿನಾಲ್ಕು ಸೆಕೆಂಡು ತೆಗೆದುಕೊಂಡಿತು. ಮೇಲ್ಮೈ ನೀರು ಸರಾಸರಿಗಿಂತ ವೇಗವಾಗಿ ಹರಿಯುವುದರಿಂದ ರೂಢಿಯ 0.85ರಿಂದ ಗುಣಿಸಿದರೆ 2.9 ಕ್ಯೂಸೆಕ್ ಬಂತು. ಅದೇ ಕಾಲುವೆಯ ಕೆಳಗಿನ ವಿಯರ್ (ಹರಿವು ಅಳೆಯುವ ಅಡ್ಡಗಟ್ಟೆ) ತೋರಿಸಿದ್ದು 2.6ರ ಆಸುಪಾಸು. ತಳದ ತುಂಬ ದಪ್ಪ ಕಲ್ಲುಗಳಿದ್ದವು. ಅಂಥ ಕಾಲುವೆಗೆ ನಾನೀಗ 0.75 ಬಳಸುತ್ತೇನೆ, ಅದೂ ಒಂದು ಅಂದಾಜಿಗೆ ಮಾತ್ರ.

ನಕಾಶೆಯ ವಿಷಯದಲ್ಲಿ ಒಂದು ಮಾತು. ವಿಲಾಮೆಟ್ ಕಣಿವೆಯಲ್ಲಿ ಬೇಸಿಗೆ ಒಣಗಾಲವಾದ್ದರಿಂದ ಆಗಸ್ಟ್ ಕೊನೆಯ ವೈಮಾನಿಕ ಚಿತ್ರದಲ್ಲಿ ನೀರು ಕಂಡ ನೆಲ ಹಸಿರಾಗಿಯೂ ಕಾಣದ ನೆಲ ಕಂದುಬಣ್ಣವಾಗಿಯೂ ಬೇರ್ಪಟ್ಟು ತೋರುತ್ತದೆ. ನೀರು ಹಾಯಿಸದೆಯೂ ಹಸಿರಾಗಿ ಉಳಿಯುವ ಆಳ ಬೇರಿನ ಬೆಳೆ ಆ ಗುರುತನ್ನು ಕೆಡಿಸುತ್ತದೆ; ಅದನ್ನು ಪತ್ತೆ ಮಾಡುವ ನನ್ನ ಉಪಾಯವನ್ನು ಇಲ್ಲಿ ಬಿಚ್ಚಿಡುವುದಿಲ್ಲ, ನನ್ನ ಅನ್ನ ಅದರಲ್ಲೇ ಇದೆ. ಈವರೆಗೆ ಸಲ್ಲಿಸಿದ ಏಳು ವರದಿಗಳಲ್ಲಿ ಒಂದೂ ತಿದ್ದುಪಡಿಗೆಂದು ಹಿಂತಿರುಗಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ಯಾಮ್‌ಹಿಲ್ ಕೌಂಟಿಯ ಹೇಜಲ್‌ನಟ್ ತೋಟವೊಂದರ ಹನಿ ನೀರಾವರಿ ನನ್ನ ಮುಂದಿದೆ. ಹನ್ನೊಂದು ಸಾವಿರದಷ್ಟು ಹನಿಕೊಳವೆಗಳಲ್ಲಿ ನಲವತ್ತನ್ನು ಆರಿಸಿ, ಅಡಿಯಲ್ಲಿ ಬಾಟಲಿ ಹೂತು ಅಳೆದಿದ್ದೇನೆ. ಸಾಲಿನ ಕೊನೆಯವು ತಯಾರಕರು ಹೇಳಿದ್ದಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ ಸುರಿಸುತ್ತಿವೆ. ಮುಂದಿನ ವಾರ ಫಿಲ್ಟರು ತೊಳೆಸಿ, ಅದೇ ನಲವತ್ತನ್ನು ಮತ್ತೆ ಅಳೆಯುವವನಿದ್ದೇನೆ.