ಒಂದೇ ಫೋನು, ಇಡೀ ಕ್ಲಾಸು

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರ್. ಕನ್ನಡ ಮಾಧ್ಯಮ. ಗಣಿತದ ಜೊತೆಗೆ ವಿಜ್ಞಾನದಲ್ಲಿ ಭೌತಶಾಸ್ತ್ರದ ಪಾಠಗಳೂ ನನ್ನ ಪಾಲಿಗೇ ಬರುತ್ತವೆ. ತರಬೇತಿಗೆ ಹೋದಾಗ ಬೇರೆ ಶಾಲೆಯವರು ಕೇಳುತ್ತಿರುತ್ತಾರೆ, "ಮೇಡಂ, ನೀವು ಯಾವ ಆ್ಯಪ್ ಬಳಸ್ತೀರಾ?" ಹೆಸರು ಹೇಳೋದೇನು, ಒಂದು ನಿಮಿಷದ ಮಾತು. ಅದನ್ನು ಕ್ಲಾಸಿನಲ್ಲಿ ಯಾವ ಹೊತ್ತಿಗೆ ತೆಗೀಬೇಕು, ಯಾವಾಗ ಮುಚ್ಚಬೇಕು ಅನ್ನೋದು ಮಾತ್ರ ಅಷ್ಟು ಬೇಗ ಮುಗಿಯಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದು ಅಪ್ಪನ ಜೇಬಿನಲ್ಲಿರುತ್ತದೆ. ಅಪ್ಪ ಬೆಳಿಗ್ಗೆ ಹೊರಟರೆ ಬರೋದು ಕತ್ತಲಾದ ಮೇಲೆ. ಆಮೇಲೆ ಅಣ್ಣನ ಕಾರುಬಾರು. ಹುಡುಗಿಯರ ಕೈಗೆ ಬರೋದು ಕೊನೆಗೆ, ಅದೂ ಚಾರ್ಜ್ ಉಳಿದಿದ್ದರೆ. ಹಾಗಾಗಿ ಆ್ಯಪ್‌ನಲ್ಲಿ ಹೋಂವರ್ಕ್ ಕೊಡೋ ಪದ್ಧತಿಯನ್ನೇ ನಾನು ಇಟ್ಟುಕೊಂಡಿಲ್ಲ. ಕ್ಲಾಸಿಗೆ ಫೋನು ಒಂದೇ, ಅದು ನನ್ನದು. ಅಷ್ಟರಲ್ಲಿ ಆಗೋ ಕೆಲಸ ಏನಿದೆಯೋ ಅದನ್ನೇ ಹುಡುಕುತ್ತೇನೆ.

ಹಾಗೆ ಹುಡುಕಿದಾಗ ಸಿಕ್ಕಿದ್ದು ಪ್ಲಿಕರ್ಸ್. ಇದರಲ್ಲಿ ಮಕ್ಕಳಿಗೆ ಫೋನೇ ಬೇಡ. ಒಬ್ಬೊಬ್ಬರಿಗೂ ಒಂದೊಂದು ಕಾಗದದ ಕಾರ್ಡು. ಮೇಲೆ ಕಪ್ಪು ಚೌಕಗಳ ಚಿತ್ತಾರ, ನಾಲ್ಕು ಬದಿಯಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರೋ ಹಾಗೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯಬೇಕು. ನಾನು ಫೋನಿನ ಕ್ಯಾಮೆರಾವನ್ನು ಆ ತುದಿಯಿಂದ ಈ ತುದಿಗೆ ಆಡಿಸಿದರೆ ಯಾರ ಉತ್ತರ ಏನು ಅಂತ ಫೋನಿನಲ್ಲಿ ಬಂದುಬಿಡುತ್ತದೆ. ಸರಿಯಿದ್ದವರದು ಹಸಿರು, ತಪ್ಪಿದವರದು ಕೆಂಪು. ಒಬ್ಬರ ಕಾರ್ಡಿನ ಚಿತ್ತಾರ ಇನ್ನೊಬ್ಬರದರಂತೆ ಇರಲ್ಲ. ಅಕ್ಷರವೂ ತೀರಾ ಸಣ್ಣದು. ಪಕ್ಕದವನದನ್ನು ನೋಡಿ ತಿರುಗಿಸೋದು ಕಷ್ಟ.

ಕಾರ್ಡುಗಳನ್ನು ಅವರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬಹುದು, 40ರ ಒಂದು ಸೆಟ್ಟು ದುಡ್ಡಿಲ್ಲದೆ ಸಿಗುತ್ತದೆ. ಪ್ರಿಂಟ್ ತೆಗೆಸಿ, ಹಳೇ ಮದುವೆ ಕಾಗದಗಳ ಹಿಂದೆ ಅಂಟಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಮದುವೆ ಕಾಗದಕ್ಕೆ ನಮ್ಮ ಊರಲ್ಲಿ ಬರ ಇಲ್ಲ ನೋಡಿ. ಹೊಳೆಯೋ ಲ್ಯಾಮಿನೇಶನ್ ಬೇಡ, ಕಿಟಕಿ ಬೆಳಕು ಬಿದ್ದರೆ ಕ್ಯಾಮೆರಾಗೆ ಏನೂ ಕಾಣಲ್ಲ. ಬೆರಳು ಕಪ್ಪು ಭಾಗದ ಮೇಲೆ ಬರಬಾರದು, ಬಿಳಿ ಅಂಚನ್ನೇ ಹಿಡಿಯಬೇಕು. ಇದನ್ನು ಮಕ್ಕಳಿಗೆ ಮೊದಲೇ ರೂಢಿ ಮಾಡಿಸಿ. ಆ್ಯಪ್‌ಗೆ ನಾನು ಮಕ್ಕಳ ಹೆಸರು ಕೊಟ್ಟಿಲ್ಲ, ಹಾಜರಿ ನಂಬರ್ ಮಾತ್ರ ಹಾಕಿದ್ದೇನೆ. ನಂಬರ್ ಯಾರದು ಅಂತ ನನಗೆ ಗೊತ್ತಿದ್ದರೆ ಸಾಕಲ್ವಾ. ಪ್ರಶ್ನೆಯನ್ನೂ ಟೈಪ್ ಮಾಡುತ್ತಾ ಕೂರಲ್ಲ. ಬೋರ್ಡಿನ ಮೇಲೆ ಬರೆಯುತ್ತೇನೆ. ಆ್ಯಪ್‌ನಲ್ಲಿ "ಪ್ರಶ್ನೆ 1" ಅಂತ ಹಾಕಿ ಸರಿ ಉತ್ತರದ ಅಕ್ಷರ ಗುರುತು ಮಾಡಿದರೆ ಆಯ್ತು. ಪ್ರೊಜೆಕ್ಟರ್ ಬೇಕಿಲ್ಲ, ಕರೆಂಟ್ ಹೋದರೂ ನಡೆಯುತ್ತದೆ.

ಇದರಲ್ಲಿ ಬುದ್ಧಿ ಓಡಿಸಬೇಕಾದ್ದು ತಪ್ಪು ಆಯ್ಕೆಗಳನ್ನು ಬರೆಯುವಾಗ. (a+b)² ಎಷ್ಟು ಅಂತ ಕೇಳಿ ಬಾಯಿಗೆ ಬಂದ ಮೂರು ತಪ್ಪು ಉತ್ತರ ಕೊಟ್ಟರೆ ಏನೂ ತಿಳಿಯಲ್ಲ. a²+b² ಅಂತ ಒಂದು ಇರಲೇಬೇಕು, ಏಕೆಂದರೆ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯೋದೇ ಅದನ್ನು. 2a+2b ಇನ್ನೊಂದು ಇರಲಿ. ವರ್ಗಕ್ಕೂ ಎರಡರಿಂದ ಗುಣಿಸೋದಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಅಲ್ಲಿ ಸಿಗುತ್ತಾರೆ. ನೋಟ್‌ಬುಕ್ ತಿದ್ದುವಾಗ ಕಂಡ ತಪ್ಪುಗಳನ್ನು ನಾನು ಒಂದು ಡೈರಿಯಲ್ಲಿ ಬರೆದಿಡುತ್ತೇನೆ. ಆಯ್ಕೆಗಳು ಹುಟ್ಟೋದು ಅಲ್ಲಿಂದ.

ಒಂದು ಉದಾಹರಣೆ ಹೇಳುತ್ತೇನೆ. 9ನೇ ತರಗತಿಯಲ್ಲಿ ಸಂಖ್ಯಾರೇಖೆ ಶುರು ಮಾಡೋ ಮುಂಚೆ ಕೇಳಿದೆ: 0.4, 0.35, ಯಾವುದು ದೊಡ್ಡದು? ಕಾರ್ಡುಗಳು ಎದ್ದವು. ಫೋನಿನಲ್ಲಿ ಬರೀ ಕೆಂಪು. ಅರ್ಧಕ್ಕೂ ಜಾಸ್ತಿ ಮಕ್ಕಳಿಗೆ 0.35 ದೊಡ್ಡದು. 4ಕ್ಕಿಂತ 35 ದೊಡ್ಡದಲ್ವಾ! ಬಾಯಲ್ಲಿ ಕೇಳಿದ್ದರೆ ಮುಂದಿನ ಬೆಂಚಿನ ಇಬ್ಬರು ಸರಿ ಉತ್ತರ ಕೂಗಿರೋರು, ಉಳಿದವರು ತಲೆ ಆಡಿಸಿರೋರು, ನಾನೂ ಮುಂದೆ ಹೋಗಿರುತ್ತಿದ್ದೆ.

ಇಂಥ ಹೊತ್ತಲ್ಲಿ ನಾನು ಉತ್ತರ ಹೇಳಲ್ಲ. ಎಷ್ಟು ಜನ ತಪ್ಪಿದ್ದಾರೆ ಅಂತಲೂ ಹೇಳಲ್ಲ. "ಪಕ್ಕದವರ ಜೊತೆ ಮಾತಾಡಿ, ಆಮೇಲೆ ಇನ್ನೊಂದ್ಸಲ ಎತ್ತಿ" ಅನ್ನುತ್ತೇನೆ. ಇದು ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಿಂದ ಹೀಗೇ ಪಾಠ ಮಾಡಿಕೊಂಡು ಬಂದವರು. ನಮ್ಮ ಕ್ಲಾಸಿನಲ್ಲಿ ಅವತ್ತು ಹಿಂದಿನ ಬೆಂಚಿನ ಹುಡುಗನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಲೋ, ಡೈರಿ ಚೀಟಿ ನೋಡಿಲ್ವೇನೋ? ಎಸ್ಎನ್ಎಫ್ 8.45 ಬಂದ್ರೆ ಕಮ್ಮಿ ಅಂತಾರೆ, 8.5 ಬರ್ಬೇಕು. 45 ದೊಡ್ಡದಾಗಿದ್ರೆ ಯಾಕೋ ಕಮ್ಮಿ ಅಂತಿದ್ರು?" ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋ ಹುಡುಗ ಅವನು. ಎಸ್ಎನ್ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಎರಡನೇ ಸಲ ಕಾರ್ಡು ಎತ್ತಿಸಿದಾಗ ಆ ಮೂಲೆಯೆಲ್ಲ ಹಸಿರಾಗಿತ್ತು. ಅವನನ್ನೇ ಎದ್ದು ನಿಲ್ಲಿಸಿ ಎಲ್ಲರಿಗೂ ಹೇಳಿಸಿದೆ. ಈಗ ದಶಮಾಂಶ ಬಂದಾಗಲೆಲ್ಲ ಡೈರಿ ಚೀಟಿಯೇ ನಮ್ಮ ಪಾಠೋಪಕರಣ.

ಜಿಯೋಜೀಬ್ರಾದ ವಿಷಯ ಬೇರೆ. ಅದು ಬೇಕಾಗೋದು ರೇಖಾಗಣಿತಕ್ಕೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋರು 2001ರಲ್ಲಿ ಶುರು ಮಾಡಿದ ತಂತ್ರಾಂಶ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಇದಕ್ಕೆ ಮಾತ್ರ ಫೋನನ್ನು ಟಿವಿಗೋ ಪ್ರೊಜೆಕ್ಟರಿಗೋ ಜೋಡಿಸಬೇಕು. ಜೋಡಿಸೋ ಮುಂಚೆ ನೋಟಿಫಿಕೇಶನ್ ಬಂದ್ ಮಾಡಿ. ಇಲ್ಲದಿದ್ದರೆ ಮನೆಯ ವಾಟ್ಸಾಪ್ ಗ್ರೂಪಿನ "ಸಂಜೆ ಬರ್ತಾ ಕೊತ್ತಂಬರಿ ಸೊಪ್ಪು ತಾ" ಇಡೀ ಕ್ಲಾಸಿಗೆ ಪಾಠವಾಗುತ್ತದೆ.

ನನ್ನ ಕ್ರಮ ಇಷ್ಟೇ: ಮೊದಲು ಕೈವಾರ, ಆಮೇಲೆ ಆ್ಯಪ್. ವೃತ್ತದ ಪಾಠದಲ್ಲಿ, ಒಂದು ಕಂಸವು ಕೇಂದ್ರದಲ್ಲಿ ಉಂಟುಮಾಡೋ ಕೋನ ಪರಿಧಿಯ ಮೇಲೆ ಉಂಟುಮಾಡೋ ಕೋನದ ಎರಡರಷ್ಟು ಅನ್ನೋ ಪ್ರಮೇಯ ಬರುತ್ತದೆ. ಮೊದಲು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ವೃತ್ತ ಎಳೆದು, ಕೋನಮಾಪಕದಲ್ಲಿ ಅಳೆದರು. ಒಬ್ಬರಿಗೆ 80 ಮತ್ತು 41, ಇನ್ನೊಬ್ಬರಿಗೆ 110 ಮತ್ತು 54. "ಹತ್ತತ್ರ ಎರಡರಷ್ಟು ಮಿಸ್" ಅನ್ನೋ ತನಕ ಬಂತು. ಆಮೇಲೆ ಟಿವಿಯಲ್ಲಿ ವೃತ್ತ ತೆರೆದೆ. ದಶಮಾಂಶ ಎರಡು ಸ್ಥಾನಕ್ಕೆ ಇಟ್ಟಿದ್ದೆ. ಕೇಂದ್ರದ ಕೋನ 83.07, ಪರಿಧಿಯದು 41.53.

ಒಬ್ಬಳು ತಕ್ಷಣ ಗುಣಿಸಿಬಿಟ್ಟಳು. "ಮಿಸ್, 83.06 ಬರ್ಬೇಕಿತ್ತು. ಕಂಪ್ಯೂಟರ್ರೂ ತಪ್ಪು ಮಾಡುತ್ತಾ?" ಆ ಪೀರಿಯಡ್ಡಿನಲ್ಲಿ ಇದಕ್ಕಿಂತ ಒಳ್ಳೆ ಪ್ರಶ್ನೆ ನನ್ನ ಪಾಠಯೋಜನೆಯಲ್ಲೂ ಇರಲಿಲ್ಲ. ಆ್ಯಪ್ ತೋರಿಸೋದು ಎರಡು ಸ್ಥಾನಕ್ಕೆ ಅಂದಾಜು ಮಾಡಿದ ಸಂಖ್ಯೆ ಅಂತ ಹೇಳಿ, ಸ್ಥಾನಗಳನ್ನು ಜಾಸ್ತಿ ಮಾಡಿ ತೋರಿಸಿದೆ. ಆದರೂ ಎಷ್ಟು ಸ್ಥಾನ ನೋಡಿದರೆ ನಂಬಬೇಕು? ಅಳತೆ ಎಷ್ಟೇ ನಿಖರವಾದರೂ ಇದು ಎಲ್ಲ ವೃತ್ತಕ್ಕೂ ನಿಜ ಅಂತ ಹೇಗೆ ಗೊತ್ತು? ಸಾಧನೆ, ಅಂದರೆ ಪ್ರಮೇಯದ ರುಜುವಾತು, ಯಾಕೆ ಬೇಕು ಅಂತ ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ, ಟಿವಿ ಆರಿಸಿ ಬೋರ್ಡಿಗೆ ಬಂದೆವು.

ಮಾರನೇ ದಿನ ಇನ್ನೊಂದು ಮಜಾ. ಪರಿಧಿಯ ಮೇಲಿನ ಬಿಂದುವನ್ನು ಎಳೆಯುತ್ತಾ ಹೋದರೆ ಕೋನ 41.53ರಲ್ಲೇ ನಿಂತಿರುತ್ತದೆ. ಅದೇ ಬಿಂದು ಕಂಸದ ತುದಿ ದಾಟಿ ಆ ಕಂಸದ ಮೇಲೇ ಬಂದ ಕೂಡಲೇ 138.47ಕ್ಕೆ ಜಿಗಿಯುತ್ತದೆ. ಎಳೆಯೋ ಮುಂಚೆ "ಈಗ ಎಷ್ಟಾಗುತ್ತೆ?" ಅಂತ ಎಲ್ಲರ ಕೈಲೂ ಬರೆಸಿದ್ದೆ. ಹೆಚ್ಚಿನವರು 41.53 ಅಂತಲೇ ಬರೆದಿದ್ದರು. ತಾವು ಬರೆದದ್ದು ಸುಳ್ಳಾದಾಗ ಮಕ್ಕಳು ಕಾರಣ ಹುಡುಕುತ್ತಾರೆ. ಕೇಂದ್ರದಲ್ಲಿ ಈಗ ನೋಡಬೇಕಾದ್ದು ಸರಳಾಧಿಕ ಕೋನ, ಅಂದರೆ 360ರಲ್ಲಿ 83.07 ಕಳೆದು ಉಳಿದದ್ದು, ಅದರ ಅರ್ಧವೇ ಇದು ಅಂತ ಅವರೇ ಹಿಡಿದರು. ಏನೂ ಬರೆಸದೆ ಸುಮ್ನೆ ಎಳೆದು ತೋರಿಸಿದ್ದರೆ "ಚೆನ್ನಾಗಿದೆ ಮಿಸ್" ಅಂತ ನೋಡಿ ಬಿಡುತ್ತಿದ್ದರು.

ವಿದ್ಯುತ್ ಪಾಠಕ್ಕೆ ಫೆಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೇ ಮಾಡೋ ಪ್ರಯೋಗ, ಬಳಸುತ್ತೇನೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಉಚಿತ, ಮನೆಯಲ್ಲೇ ಇಳಿಸಿಕೊಂಡು ತಂದರೆ ನೆಟ್ ಬೇಡ, ಎಷ್ಟೋ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ತಂತಿ, ಬಲ್ಬು, ಬ್ಯಾಟರಿ ಎಳೆದು ಜೋಡಿಸಿದರೆ ಒಳಗೆ ಎಲೆಕ್ಟ್ರಾನ್‌ಗಳು ಹರಿಯೋದು ಕಾಣುತ್ತದೆ. ಬಲ್ಬೇ ಇಲ್ಲದೆ ಬ್ಯಾಟರಿಯ ಎರಡು ತುದಿ ಸೇರಿಸಿದರೆ ಬೆಂಕಿ ಹತ್ತುತ್ತದೆ, ಮಕ್ಕಳಿಗೆ ಅದೇ ಇಷ್ಟ. ನಿಜವಾಗಿ ಮಾಡಿ ತೋರಿಸೋಕಾಗದ ಪ್ರಯೋಗಕ್ಕೆ ಇದು ಸರಿ. ಆದರೆ ಟಾರ್ಚ್ ಸೆಲ್ಲು, ಬಲ್ಬು ಮೇಜಿನ ಮೇಲೆ ಇರಲೇಬೇಕು. ಸಿಮ್ಯುಲೇಶನ್‌ನಲ್ಲಿ ಸಮಾಂತರವಾಗಿ ಎಷ್ಟು ಬಲ್ಬು ಸೇರಿಸಿದರೂ ಬೆಳಕು ಕಮ್ಮಿಯಾಗಲ್ಲ, ಏಕೆಂದರೆ ನಾವು ಬದಲಾಯಿಸದ ಹೊರತು ಆ ಬ್ಯಾಟರಿಗೆ ಒಳರೋಧವೇ (ವಿದ್ಯುತ್ ಹರಿವಿಗೆ ಬ್ಯಾಟರಿಯ ಒಳಗೇ ಇರೋ ತಡೆ) ಇಲ್ಲ. ನಮ್ಮ ಸೆಲ್ಲಿಗೆ ಇದೆ. ಬಲ್ಬು ಸೇರಿಸಿದಷ್ಟೂ ಮಂಕಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು "ಯಾಕೆ ಹೀಗೆ?" ಅಂತ ಕೇಳಿದರೆ ಪಾಠ ತಾನಾಗಿ ಮುಂದೆ ಹೋಗುತ್ತದೆ.

ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ನನಗೆ ಹೆಚ್ಚಾಗಿ ತಯಾರಿಗೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ರಾತ್ರಿ ವಿಡಿಯೊ ನೋಡುತ್ತೇನೆ, ಬೇಕೆನಿಸಿದ್ದನ್ನು ಇಳಿಸಿಡುತ್ತೇನೆ. ಕ್ಲಾಸಿನಲ್ಲಿ ಪೂರ್ತಿ ವಿಡಿಯೊ ಹಾಕೋದು ಅಪರೂಪ. ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಒಂದು ಪ್ರಶ್ನೆ ಕೇಳುತ್ತೇನೆ. ನಾಣ್ಯ, ಬಹುಮಾನ, ನಡುನಡುವೆ ಜಾಹೀರಾತು ಇರೋ ಕ್ವಿಜ್ ಆ್ಯಪ್‌ಗಳನ್ನು ಮಾತ್ರ ನಾನು ಹತ್ತಿರ ಸೇರಿಸಲ್ಲ. ಅದರಲ್ಲಿ ಗೆಲ್ಲೋದು ಬೇಗ ಒತ್ತೋ ಹುಡುಗ. ನಿಧಾನವಾಗಿ ಯೋಚಿಸೋಳು ಕೊನೆಗೆ ಉಳಿಯುತ್ತಾಳೆ.

ಪ್ಲಿಕರ್ಸ್‌ಗೂ ಕಾಣದ್ದು ಒಂದಿದೆ, ಲೆಕ್ಕದ ಹಂತಗಳು. ಎಸ್‌ಎಸ್‌ಎಲ್‌ಸಿ ಪತ್ರಿಕೆಯಲ್ಲಿ ಹಂತಕ್ಕೂ ಅಂಕ ಇದೆ. ಉತ್ತರ ಸರಿಯಿದ್ದು ಮಧ್ಯದ ಎರಡು ಸಾಲು ಹಾರಿಸಿದವರು ಅಂಕ ಕಳೆದುಕೊಳ್ಳುತ್ತಾರೆ. ಅದಕ್ಕೇ ಶನಿವಾರದ ಬೆಳಗಿನ ಪೀರಿಯಡ್ಡಿನಲ್ಲಿ ಫೋನ್ ತೆಗೆಯಲ್ಲ. ಎಲ್ಲರಿಗೂ ಒಂದು ಹಾಳೆ, ಒಂದೇ ಲೆಕ್ಕ. ಎಲ್ಲಿ ಜಾರಿದರೋ ಅಲ್ಲೊಂದು ಕೆಂಪು ಗೆರೆ ಎಳೆದು ವಾಪಸ್ ಕೊಡುತ್ತೇನೆ, ಆ ಗೆರೆಯಿಂದ ಮುಂದೆ ಮತ್ತೆ ಬಿಡಿಸಿ ಸೋಮವಾರ ತರಬೇಕು. ಅವುಗಳಲ್ಲಿ ಸಿಕ್ಕ ಹೊಸ ತಪ್ಪುಗಳು ಮುಂದಿನ ವಾರದ ಕಾರ್ಡಿನ ಪ್ರಶ್ನೆಗೆ ಆಯ್ಕೆಗಳಾಗುತ್ತವೆ.